ಎಲ್ಲರ ಮನೆ ದೋಸೆಗೂ ಒಂದೊಂದು ಹೆಸರು

ನಮ್ಮ ಮನೆಯಲ್ಲಿ ಭಾನುವಾರದ ಬೆಳಗಿನ ತಿಂಡಿ ನನ್ನ ಪಾಲಿನದು. ವಾರವಿಡೀ ಮಂಗಳೂರಿನ ಬೆಂದೂರಿನ ಹತ್ತಿರ ನನ್ನ ಮೆಡಿಕಲ್ ಶಾಪ್‌ನ ಕೌಂಟರಿನ ಹಿಂದೆ ನಿಂತಿರುತ್ತೇನೆ. ಭಾನುವಾರ ಒಲೆಯ ಮುಂದೆ. ಕೆಲಸ ಹೆಚ್ಚುಕಮ್ಮಿ ಒಂದೇ: ಅಳೆಯುವುದು, ಕೊಡುವುದು, ಎದುರಿಗಿದ್ದವರು ಏನು ಕೇಳುತ್ತಿದ್ದಾರೆ ಎಂದು ಊಹಿಸುವುದು. ಅಂಗಡಿಯಲ್ಲಿ ಒಬ್ಬರು ಬಂದು "ಆ ಬಿಳಿ ಮಾತ್ರೆ ಕೊಡಿ" ಅನ್ನುತ್ತಾರೆ. ಮನೆಯಲ್ಲಿ ಮಗಳು "ಪಪ್ಪಾ, ಪ್ಯಾನ್‌ಕೇಕ್ ಮಾಡು" ಅನ್ನುತ್ತಾಳೆ. ಎರಡು ಕಡೆಯೂ ಮರುಪ್ರಶ್ನೆ ಕೇಳದೆ ಕೈ ಹಾಕಬಾರದು.

ಯಾಕೆಂದರೆ ಯಾವ ಪ್ಯಾನ್‌ಕೇಕ್?

ಮಗಳಿಗೆ ಬೇಕಾದದ್ದು ಕಾರ್ಟೂನಿನಲ್ಲಿ ಬರುವಂಥದ್ದು. ಒಂದರ ಮೇಲೊಂದು ಪೇರಿಸಿಟ್ಟ ದಪ್ಪ ಬಿಲ್ಲೆಗಳು, ಮೇಲೆ ಬೆಣ್ಣೆಯ ತುಂಡು, ಬದಿಯಿಂದ ಇಳಿಯುವ ಸಿರಪ್. (ಸಿರಪ್ ಅಂದರೆ ನನಗೆ ಮೊದಲು ನೆನಪಾಗುವುದು ಕೆಮ್ಮಿನ ಔಷಧ. ಹೊಟ್ಟೆಪಾಡು ಹಾಗೆ.) ಅದನ್ನು ಕೇಳಿಸಿಕೊಂಡ ಹೆಂಡತಿ, "ಅದಕ್ಕಿಂತ ಸುರ್ನಳಿ ಮಾಡಿದ್ರೆ ಆಗದಾ?" ಎಂದಳು. ಕುಂದಾಪುರ ಕಡೆಯಿಂದ ಬಂದು ನಮ್ಮ ಜೊತೆಗಿರುವ ನನ್ನ ಅಮ್ಮ ಪೇಪರಿನಿಂದ ತಲೆ ಎತ್ತದೆ, "ಇದೆಂತ, ಸಿಹಿ ದೋಸೆಯೇ ಅಲ್ದಾ?" ಎಂದರು. ಅಷ್ಟರಲ್ಲಿ ಕೆಳಗಿನ ಮನೆಯ ಆಂಟಿ ಬಸಳೆ ಕೊಡಲು ಮೇಲೆ ಬಂದವರು, ಪ್ಯಾನ್‌ಕೇಕ್ ಅಂದರೆ ತೆಳ್ಳಗೆ ಎರೆದು, ಒಳಗೆ ಚೂನ್ ಇಟ್ಟು ಸುತ್ತಿದ್ದು ಎಂದು ಖಡಾಖಂಡಿತವಾಗಿ ಹೇಳಿ ಹೋದರು. ಚೂನ್ ಅಂದರೆ ತೆಂಗಿನಕಾಯಿ ತುರಿ, ಬೆಲ್ಲ, ಏಲಕ್ಕಿ ಹಾಕಿ ಬಾಡಿಸಿದ ಹೂರಣ. ಗೋವಾದಲ್ಲಿ ಇದೇ ತಿಂಡಿಗೆ ಆಲೆ ಬೆಲೆ ಅನ್ನುತ್ತಾರೆ.

ಒಂದೇ ಕಟ್ಟಡದಲ್ಲಿ ಹೀಗೆ. ಇನ್ನು ಇಡೀ ಊರು ತೆಗೆದುಕೊಂಡರೆ ಕೇಳುವುದೇ ಬೇಡ.

ಹೆಂಡತಿಯ ತವರು ಮಂಗಳೂರಿನದೇ ರಥಬೀದಿ, ಮನೆಮಾತು ಕೊಂಕಣಿ. ಅವರಲ್ಲಿ ದೋಸೆ ಪೋಳೊ ಆಗುತ್ತದೆ. ನಾವು ನೀರು ದೋಸೆ ಅನ್ನುವುದು ಅವರಿಗೆ ಪಾನ್‌ಪೋಳೊ. ಅಕ್ಕಿ, ತೊಗರಿಬೇಳೆ, ಒಣಮೆಣಸು, ಹುಳಿ ಸೇರಿಸಿ ರುಬ್ಬಿ, ಕ್ಯಾಬೇಜ್ ಅಥವಾ ನೀರುಳ್ಳಿ ಹೆಚ್ಚಿ ಹಾಕಿ ಸಣ್ಣ ಸಣ್ಣದಾಗಿ ಕಾಯಿಸಿದರೆ ಸಾನ್ನಾ ಪೋಳೊ. ಅದು ಊಟದ ಜೊತೆಗೆ, ತಿಂಡಿಗಲ್ಲ. ಮದುವೆಯಾದ ಹೊಸತರಲ್ಲಿ ಮಾವನ ಮನೆಯಲ್ಲಿ ಅದನ್ನು ನಾನು ಚಟ್ನಿ ಕೇಳಿ ತಿಂದೆ. ಯಾರೂ ಏನೂ ಹೇಳಲಿಲ್ಲ, ಆದರೆ ಅತ್ತೆ ಇವತ್ತಿಗೂ ಅದನ್ನು ಮಾಡಿದಾಗ ಚಟ್ನಿಯ ಬಟ್ಟಲನ್ನು ನನ್ನ ಕಡೆ ತಳ್ಳುತ್ತಾರೆ.

ಕೆಳಗಿನ ಮನೆಯ ಕ್ಯಾಥೊಲಿಕ್ ಆಂಟಿಯ ಕೊಂಕಣಿಯಲ್ಲಿ ದೋಸೆ ಅಂದರೆ ಪೊಳೆ. ನಮ್ಮ ಅಂಗಡಿಯ ಹುಡುಗ ವಿಟ್ಲ ಕಡೆಯ ಹವ್ಯಕ. ಅವನಿಗೆ ನೀರು ದೋಸೆ ಅಂದರೆ ಹೋಟೆಲಿನ ಮೆನುವಿನ ಮಾತು. ಮನೆಯಲ್ಲಿ ತೆಳ್ಳವು. ಅವನ ಅಜ್ಜಿ ಮಣ್ಣಿನ ಓಡಿನಲ್ಲಿ ಹಿಟ್ಟು ಹೊಯ್ದು, ಮುಚ್ಚಿ, ದಪ್ಪಗೆ ಬೇಯಿಸುವುದು ಓಡುಪ್ಪಾಳೆ. ಉಡುಪಿ ಕಡೆ ಕೇಳಿದರೆ ಓಡು ದೋಸೆ. ಇನ್ನು ಶಿರಸಿಯಿಂದ ಬರುವ ಒಬ್ಬ ಮೆಡಿಕಲ್ ರೆಪ್ ಇದ್ದಾರೆ. ಅವರು ತೆಳ್ಳೇವು ಅನ್ನುತ್ತಾರೆ. ಜೊತೆಗೆ ಅವರ ಕಡೆ ತೊಡೆದೇವು ಎಂಬ ಇನ್ನೊಂದಿದೆ. ಕೇಳಲು ಅಣ್ಣ ತಮ್ಮನ ಹಾಗೆ. ತಿಂದರೆ ಸಂಬಂಧವೇ ಇಲ್ಲ. ತೊಡೆದೇವು ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ತೆಳ್ಳಗೆ ಬಳಿದು ತೆಗೆಯುವ ಗರಿಗರಿ ಸಿಹಿ.

ನನ್ನ ಅಮ್ಮನ ಪಟ್ಟಿ ಸರಳ. ಉದ್ದಿನ ದೋಸೆ, ನೀರು ದೋಸೆ, ಮೆಂತೆ ದೋಸೆ, ಸೌತೆಕಾಯಿ ದೋಸೆ, ಹಲಸಿನ ಹಣ್ಣಿನ ದೋಸೆ. ಒಳಗೆ ಏನು ಬಿದ್ದಿದೆಯೋ ಅದೇ ಹೆಸರು. ಗುಟ್ಟಿಲ್ಲ. ಔಷಧಿಗಳ ಹೆಸರೂ ಹೀಗೇ ಇದ್ದಿದ್ದರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು.

ಹೆಸರು ನಂಬಿ ಹೋದರೆ ಮೋಸ ಹೋಗುವುದು ನಮ್ಮ ಊರಲ್ಲಿ ಮಾತ್ರ ಅಲ್ಲ. ಹೆಂಡತಿಯ ತಮ್ಮ ಬರ್ಲಿನ್‌ನಲ್ಲಿ ಕೆಲಸಕ್ಕಿದ್ದಾನೆ. ಹೋದ ಹೊಸತರಲ್ಲಿ ಬೇಕರಿಗೆ ಹೋಗಿ ಪುಸ್ತಕದಲ್ಲಿ ಕಲಿತ ಜರ್ಮನ್‌ನಲ್ಲಿ ಫಾನ್‌ಕೂಖೆನ್ ಕೇಳಿದನಂತೆ. ಆ ಪದವನ್ನು ಬಿಡಿಸಿದರೆ ಬಾಣಲೆ, ಕೇಕ್, ಅಷ್ಟೇ. ಕೈಗೆ ಬಂದದ್ದು ಒಳಗೆ ಜ್ಯಾಮ್ ತುಂಬಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಉದುರಿಸಿದ ಉಂಡೆ. ಜರ್ಮನಿಯ ಬೇರೆ ಎಷ್ಟೋ ಕಡೆ ಆ ಉಂಡೆಗೆ ಬರ್ಲಿನರ್ ಎಂದು ಹೆಸರು. ಬರ್ಲಿನ್‌ನವರು ಮಾತ್ರ ಹಾಗೆ ಕರೆಯುವುದಿಲ್ಲ. ಅವರಿಗೆ ಅದು ಫಾನ್‌ಕೂಖೆನ್. ನಿಜವಾದ ಪ್ಯಾನ್‌ಕೇಕ್ ಬೇಕಿದ್ದರೆ ಅಲ್ಲಿ ಐಯರ್‌ಕೂಖೆನ್, ಅಂದರೆ ಮೊಟ್ಟೆ ಕೇಕ್, ಎಂದು ಕೇಳಬೇಕು. ಮಂಗಳೂರು ಬನ್ಸ್ ತಿಂದು ಬೆಳೆದ ಹುಡುಗ, ಕರಿದದ್ದಕ್ಕೆ ಬೇಸರವೇನೂ ಆಗಲಿಲ್ಲ ಅನ್ನಿ.

ಆಂಟಿಯ ಮಗಳು ಸ್ಕಾಟ್ಲೆಂಡಿನಲ್ಲಿ ನರ್ಸ್. ಅಲ್ಲಿ ಅಂಗೈ ಅಗಲದ ದಪ್ಪ ಪ್ಯಾನ್‌ಕೇಕಿಗೆ ಡ್ರಾಪ್ ಸ್ಕೋನ್ ಎಂದೂ ಹೆಸರಿದೆ. ಚಮಚದಿಂದ ಹಿಟ್ಟನ್ನು ಕಾವಲಿಗೆ ಬೀಳಿಸುತ್ತಾರಲ್ಲ, ಅದಕ್ಕೆ. ಅದೇ ಇಂಗ್ಲೆಂಡಿನಲ್ಲಿ ಪ್ಯಾನ್‌ಕೇಕ್ ಅಂದರೆ ತೆಳ್ಳಗಿನದು. ಮೈದಾ, ಹಾಲು, ಮೊಟ್ಟೆ ಮಾತ್ರ. ಸೋಡಾ ಇಲ್ಲ. ಲಿಂಬೆರಸ, ಸಕ್ಕರೆ ಹಾಕಿ ಸುತ್ತಿ ತಿನ್ನುತ್ತಾರೆ. ಬೂದಿ ಬುಧವಾರದ ಹಿಂದಿನ ಮಂಗಳವಾರ ಅಲ್ಲಿ ಮನೆಮನೆಯಲ್ಲಿ ಇದೇ. ನಲವತ್ತು ದಿನದ ಉಪವಾಸ ಶುರುವಾಗುವ ಮೊದಲು ಮನೆಯಲ್ಲಿರುವ ಮೊಟ್ಟೆ, ಹಾಲು, ಬೆಣ್ಣೆ ಮುಗಿಸಬೇಕಿತ್ತು, ಅದರಿಂದ ಬಂದ ರೂಢಿ. ಆಂಟಿ ಹೇಳುವ ಪ್ಯಾನ್‌ಕೇಕ್ ಇದರದ್ದೇ ನೆಂಟ. ಲಿಂಬೆ ಹೋಗಿ ಕಾಯಿಬೆಲ್ಲ ಬಂದಿದೆ, ಒಳ್ಳೆಯದೇ ಆಯಿತು.

ಅಮೆರಿಕದಲ್ಲಿ ದಪ್ಪದ್ದು. ಹಾಟ್‌ಕೇಕ್, ಗ್ರಿಡ್ಲ್‌ಕೇಕ್, ಫ್ಲ್ಯಾಪ್‌ಜ್ಯಾಕ್, ಎಲ್ಲವೂ ಅದೇ. ಆದರೆ ಫ್ಲ್ಯಾಪ್‌ಜ್ಯಾಕ್ ಎಂದು ಬ್ರಿಟನ್ನಿನ ಅಂಗಡಿಯಲ್ಲಿ ಕೇಳಿದರೆ ಓಟ್ಸ್, ಬೆಣ್ಣೆ, ಬೆಲ್ಲದ ಪಾಕದಂಥ ಸಿರಪ್ ಹಾಕಿ ಓವನ್ನಿನಲ್ಲಿ ಬೇಯಿಸಿ, ಬರ್ಫಿಯಂತೆ ಕತ್ತರಿಸಿದ ತುಂಡು ಕೊಡುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಸಣ್ಣದು ಪೈಕ್‌ಲೆಟ್. ಫ್ರಾನ್ಸಿನ ಬ್ರಿಟನಿ ಕಡೆ ಗೋಧಿಯದ್ದಾದರೆ ಕ್ರೇಪ್, ಬಕ್‌ವೀಟ್ ಹಿಟ್ಟಿನ ಖಾರದ್ದಾದರೆ ಗ್ಯಾಲೆಟ್. ಸಾಕು, ಇದಕ್ಕೆ ಕೊನೆ ಇಲ್ಲ.

ಹಾಗಾಗಿ ನಾನು ಹೆಸರು ಕೇಳುವುದನ್ನು ಬಿಟ್ಟಿದ್ದೇನೆ. ಅದರ ಬದಲು ಒಂದೇ ಪ್ರಶ್ನೆ: ಒಟ್ಟೆ, ಅಂದರೆ ತೂತು, ಹೇಗೆ ಬೀಳುತ್ತದೆ?

ಎಲ್ಲರ ಮನೆ ದೋಸೆಯೂ ತೂತು ಅಂತ ಗಾದೆ ಉಂಟಲ್ಲ. ಯಾವ ಮನೆಯೂ ಕುಂದಿಲ್ಲದೆ ಇಲ್ಲ ಅಂತ ಹೇಳಲಿಕ್ಕೆ ಅದು. ಕರಾವಳಿಯ ಅಡುಗೆಮನೆಯಲ್ಲಿ ನಿಂತು ಹೇಳಿದರೆ ಹೊಗಳಿದ ಹಾಗಾಗುತ್ತದೆ. ನಮ್ಮಲ್ಲಿ ದೋಸೆಗೆ ಒಟ್ಟೆ ಬೀಳದಿದ್ದರೆ ಅದೇ ಕುಂದು. ಮತ್ತೆ ಎಲ್ಲ ಒಟ್ಟೆಯೂ ಒಂದೇ ಅಲ್ಲ.

ನೀರು ದೋಸೆಯ ಒಟ್ಟೆ ಬರೀ ಆವಿಯದ್ದು. ಬೆಳ್ತಿಗೆ ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಹಾಲಿನಷ್ಟು ತೆಳ್ಳಗೆ ಮಾಡುತ್ತೇವೆ. ಹುಳಿ ಬರಿಸುವುದಿಲ್ಲ, ಸೋಡಾ ಇಲ್ಲ. ಚೆನ್ನಾಗಿ ಕಾದ ಕಾವಲಿಗೆ ಸುತ್ತಲಿಂದ ಎರೆದ ಕ್ಷಣ ಒಳಗಿನ ನೀರು ಕುದಿದು ಆವಿಯಾಗಿ ಹಿಟ್ಟನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಚುಂಯ್ ಅನ್ನುವ ಆ ಸದ್ದು ಇಲ್ಲದಿದ್ದರೆ ಒಟ್ಟೆಯೂ ಇಲ್ಲ. ಸೌಟಿನಿಂದ ಹರಡಲಿಕ್ಕೆ ಹೋದರೆ ಇದ್ದದ್ದೂ ಮುಚ್ಚಿ ಹೋಗುತ್ತದೆ. ಮುಚ್ಚಳ ಮುಚ್ಚಿ, ಬೆಂದ ಮೇಲೆ ಮಡಚಿ ತೆಗೆಯುವುದು. ಮಗುಚುವ ಮಾತೇ ಇಲ್ಲ.

ಸುರ್ನಳಿಯ ಒಟ್ಟೆ ರಾತ್ರಿಯೆಲ್ಲ ದುಡಿದದ್ದು. ಅಕ್ಕಿ, ಸ್ವಲ್ಪ ಮೆಂತೆ, ಅವಲಕ್ಕಿ, ಕಾಯಿತುರಿ, ಎಲ್ಲವನ್ನೂ ಮಜ್ಜಿಗೆಯಲ್ಲಿ ರುಬ್ಬಿ, ಬೆಲ್ಲ, ಚಿಟಿಕೆ ಅರಿಶಿನ ಸೇರಿಸಿ ಇಡುತ್ತಾರೆ. ಬೆಳಗಾಗುವಷ್ಟರಲ್ಲಿ ಅಕ್ಕಿಯಲ್ಲಿ, ಮಜ್ಜಿಗೆಯಲ್ಲಿ ಇರುವ ಸೂಕ್ಷ್ಮಜೀವಿಗಳು ಬೆಲ್ಲ ತಿಂದು ಗಾಳಿ ತುಂಬಿಸಿರುತ್ತವೆ. ದಪ್ಪಗೆ ಎರೆದು, ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಮೇಲ್ಮೈಯೆಲ್ಲ ಜೇನುಗೂಡು. ಇದನ್ನೂ ಮಗುಚುವುದಿಲ್ಲ. ತಳ ಕೆಂಪು, ಮೇಲೆ ಹಳದಿ. ಜೊತೆಗೆ ಮನೆಯಲ್ಲಿ ಕಡೆದ ಬೆಣ್ಣೆ. ಆಟಿ ತಿಂಗಳ ಮಳೆಯಲ್ಲಿ ಹಿಟ್ಟು ಬೇಗ ಹುಳಿ ಬರುವುದಿಲ್ಲ. ಆಗ ಹೆಂಡತಿ ಪಾತ್ರೆಯನ್ನು ಫ್ರಿಜ್ಜಿನ ಹಿಂಬದಿಯ ಬಿಸಿ ತಾಗುವ ಕಡೆ ಇಡುತ್ತಾಳೆ.

ಪ್ಯಾನ್‌ಕೇಕಿನ ಒಟ್ಟೆ ಮಾತ್ರ ನನ್ನ ಅಂಗಡಿಯ ಸಾಮಾನಿನದು. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಕಿಡ್ನಿ ತೊಂದರೆ ಇರುವ ಕೆಲವರಿಗೆ ಡಾಕ್ಟರು ಅದನ್ನೇ ಮಾತ್ರೆಯಾಗಿ ಬರೆಯುತ್ತಾರೆ. ಹುಳಿಯ ಜೊತೆ ಸೇರಿದರೆ ಅದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಮಜ್ಜಿಗೆಗೆ ಹಾಕಿದ ಕೂಡಲೇ ಬುರುಬುರು ಏಳುವುದು ಅದೇ. ಇಲ್ಲಿ ರಾತ್ರಿಯ ಕಾಯುವಿಕೆ ಇಲ್ಲ, ಆದರೆ ಅವಸರ ಇದೆ. ಗಾಳಿ ಪಾತ್ರೆಯಲ್ಲೇ ಹೊರಡಲು ಶುರುವಾಗುತ್ತದೆ. ಕಾವಲಿ ಕಾಯುವ ಮೊದಲೇ ಕಲಸಿಟ್ಟರೆ ಚಪ್ಪಟೆ ಬಿಲ್ಲೆ ಸಿಗುತ್ತದೆ.

ಬೇಕಿಂಗ್ ಪೌಡರ್ ಬೇರೆ. ಅದರಲ್ಲಿ ಸೋಡಾದ ಜೊತೆ ಒಣ ಹುಳಿಯೂ, ತೇವ ತಾಗದಂತೆ ಪಿಷ್ಟವೂ ಮೊದಲೇ ಬೆರೆತಿರುತ್ತವೆ. ನೀರು ಬಿದ್ದರೆ ಸಾಕು. ಈಗ ಸಿಗುವವು ಹೆಚ್ಚಾಗಿ ಎರಡು ಸಲ ಏಳುತ್ತವೆ, ಕಲಸಿದಾಗ ಒಮ್ಮೆ, ಬಿಸಿ ತಾಗಿದಾಗ ಇನ್ನೊಮ್ಮೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಎದೆ ಉಬ್ಬುತ್ತದೆ. 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ ಆಲ್ಫ್ರೆಡ್ ಬರ್ಡ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧಿ ಅಂಗಡಿ ಇಟ್ಟವನು. ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಮೊದಲು ಮಾಡಿದ, ಆಮೇಲೆ ಯೀಸ್ಟ್ ಇಲ್ಲದೆ ಬ್ರೆಡ್ ಉಬ್ಬಿಸಲು ಈ ಪುಡಿ. ನಮ್ಮ ಕಸುಬಿನವರು ಹೆಂಡತಿಗೋಸ್ಕರ ಏನಾದರೂ ಮಾಡುತ್ತಾರೆ ಎಂದು ಮನೆಯಲ್ಲಿ ಆಗಾಗ ಈ ಉದಾಹರಣೆ ಕೊಡುತ್ತೇನೆ. ಫಲ ಸಿಕ್ಕಿಲ್ಲ.

ಸರಿ, ನನ್ನ ಅಳತೆ ಹೇಳುತ್ತೇನೆ. ಒಂದು ಕಪ್ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಇವಿಷ್ಟು ಒಣದ್ದು, ಒಟ್ಟಿಗೆ ಜರಡಿ ಹಿಡಿಯಿರಿ. ಸೋಡಾ ಒಂದು ಕಡೆ ಗಂಟಾಗಿ ಉಳಿದರೆ ಅಲ್ಲಿ ಸಾಬೂನಿನ ರುಚಿ. ಇನ್ನೊಂದು ಪಾತ್ರೆಯಲ್ಲಿ ಒಂದು ಕಪ್ ದಪ್ಪ ಮಜ್ಜಿಗೆ, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಪ್ಯಾಕೆಟ್ಟಿನ ಮಸಾಲೆ ಮಜ್ಜಿಗೆ ಅಲ್ಲ ಮತ್ತೆ. ಮುಕ್ಕಾಲು ಕಪ್ ಹುಳಿ ಮೊಸರಿಗೆ ಕಾಲು ಕಪ್ ನೀರು ಹಾಕಿ ಕಡೆದರೆ ಸರಿಯಾಗುತ್ತದೆ. ಒಂದು ಕಪ್ ಮಜ್ಜಿಗೆಯ ಹುಳಿ ಅರ್ಧ ಚಮಚ ಸೋಡಾಕ್ಕೆ ಸಾಕು. ಉಬ್ಬಲಿ ಎಂದು ಸೋಡಾ ಜಾಸ್ತಿ ಹಾಕಿದರೆ ಮಿಕ್ಕದ್ದು ಹಾಗೇ ಉಳಿದು ನಾಲಿಗೆಗೆ ಕಹಿ. ಬಣ್ಣವೂ ಬೇಗ ಕಪ್ಪಾಗುತ್ತದೆ.

ಅತ್ತೆ ಬಂದ ಸೋಮವಾರ, ಸಂಕ್ರಾಂತಿಗಳಲ್ಲಿ ಮೊಟ್ಟೆ ಇಲ್ಲ. ಆಗ ಮಜ್ಜಿಗೆ ಒಂದೆರಡು ಚಮಚ ಹೆಚ್ಚು. ಮೆತ್ತಗೆ ಬರುತ್ತದೆ, ಆದರೆ ಎತ್ತರ ಸ್ವಲ್ಪ ಕಡಿಮೆ. ಚೆನ್ನಾಗಿ ಕಳಿತ ಕದಳಿ ಬಾಳೆಹಣ್ಣು ಅರ್ಧ ಕಿವುಚಿ ಹಾಕಿದರೆ ಆ ಕೊರತೆ ಗೊತ್ತಾಗುವುದಿಲ್ಲ.

ಒಣದ್ದಕ್ಕೆ ದ್ರವ ಸುರಿದ ಮೇಲೆ ನಮ್ಮ ಮನೆಯಲ್ಲಿ ಜಗಳ ಶುರು. ಪ್ಯಾನ್‌ಕೇಕ್ ಹಿಟ್ಟನ್ನು ಹೆಚ್ಚು ಕಲಸಬಾರದು. ಒಣ ಹಿಟ್ಟು ಕಾಣದಷ್ಟಾದರೆ ಸಾಕು. ಅಲ್ಲಲ್ಲಿ ಗಂಟು ಇದ್ದರೂ ಬಿಡಬೇಕು. ಮೈದಾವನ್ನು ತಿಕ್ಕಿದಷ್ಟೂ ಅದರೊಳಗಿನ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಎಳೆ ಕಟ್ಟುತ್ತದೆ. ಪರೋಟಕ್ಕೆ ಅದು ಬೇಕು, ಇಲ್ಲಿ ಬೇಡ. ಆದರೆ ಅಮ್ಮನಿಗೆ ಗಂಟು ಕಂಡರೆ ಆಗುವುದಿಲ್ಲ. ನೀರು ದೋಸೆ ಎರೆದು ಎರೆದು ಬಂದ ಕೈ ಅದು. ಅಕ್ಕಿಹಿಟ್ಟು ತಳಕ್ಕೆ ಕೂರುತ್ತದೆ, ಹಾಗಾಗಿ ಪ್ರತಿ ದೋಸೆಗೂ ಮೊದಲು ಸೌಟಿನಿಂದ ತಳದಿಂದ ಕದಡಲೇಬೇಕು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಎಷ್ಟು ಕದಡಿದರೂ ತೊಂದರೆ ಇಲ್ಲ. ನಾನು ಇದನ್ನೆಲ್ಲ ವಿವರಿಸಿ ಹಿಂದೆ ತಿರುಗುವಷ್ಟರಲ್ಲಿ, "ಗಂಟು ಹಾಗೇ ಉಂಟಲ್ಲ ಮಾರಾಯ" ಎಂದು ಅಮ್ಮ ಸೌಟು ಹಾಕಿ ತಿರುಗಿಸಿ ಆಗಿರುತ್ತದೆ. ಆ ದಿನದ ಪ್ಯಾನ್‌ಕೇಕ್ ರಬ್ಬರು. ಈಗ ಹಿಟ್ಟಿನ ಪಾತ್ರೆಯನ್ನು ಮಗಳ ಕಾವಲಿನಲ್ಲಿ ಇಡುತ್ತೇನೆ.

ಕಾವಲಿಯ ವಿಷಯದಲ್ಲಿ ಮಾತ್ರ ಅಮ್ಮನದ್ದೇ ಕಾನೂನು, ಅದು ನ್ಯಾಯವೂ ಹೌದು. ನೀರು ದೋಸೆಯ ಕಬ್ಬಿಣದ ಕಾವಲಿಗೆ ಬೇರೆ ಏನೂ ಬೀಳುವಂತಿಲ್ಲ. ಚಪಾತಿ ಬೇಯಿಸಿದರೆ ಮರುದಿನ ದೋಸೆ ಏಳುವುದಿಲ್ಲ. ಎಣ್ಣೆ ಕುಡಿದು ಪಳಗಿದ ಪದರ ಒಣ ಬಿಸಿಗೆ ಸುಟ್ಟುಹೋಗುತ್ತದೆ. ಸಕ್ಕರೆ, ಮೊಟ್ಟೆ ಇರುವ ಹಿಟ್ಟು ಅಂದರೆ ಇನ್ನೂ ಕಷ್ಟ. ಹಾಗಾಗಿ ನನಗೆ ಬೇರೆ ದಪ್ಪ ತಳದ ಕಾವಲಿ. ಸಣ್ಣ ಉರಿ. ಅರ್ಧ ಕತ್ತರಿಸಿದ ಬದನೆಯ ತೊಟ್ಟು ಹಿಡಿದು ಬೆಣ್ಣೆ ಸವರುತ್ತೇನೆ, ಅಮ್ಮ ತೆಂಗಿನೆಣ್ಣೆ ಸವರಿದ ಹಾಗೆ. ಬ್ರಷ್ಷಿಗಿಂತ ಚೆನ್ನಾಗಿ ಹರಡುತ್ತದೆ, ಕರಗುವುದೂ ಇಲ್ಲ. ಸಣ್ಣ ಸೌಟು ಹಿಟ್ಟು ಹಾಕಿ ಕೈ ಬಿಡಬೇಕು. ಹರಡಬಾರದು. ಅಂಚಿನ ಗುಳ್ಳೆ ಒಡೆದು, ಒಟ್ಟೆ ಮತ್ತೆ ಮುಚ್ಚದೆ ಹಾಗೇ ನಿಂತರೆ ಮಗುಚುವ ಹೊತ್ತು. ಮಗುಚಿದ ಮೇಲೆ ಸಟ್ಟುಗದಿಂದ ಒತ್ತಬಾರದು. ಕಷ್ಟಪಟ್ಟು ತುಂಬಿಸಿದ ಗಾಳಿಯನ್ನು ಒತ್ತಿ ತೆಗೆದರೆ ಏನು ಬಂತು?

ಸಿರಪ್‌ಗೆ ಮೇಪಲ್ ಮರದ ರಸ ಬೇಕು ಎನ್ನುತ್ತಾರೆ. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಸಿರಪ್, ಬೆಲೆಯೂ ಹಾಗೇ. ನನ್ನ ಪಾಲಿಗೆ ಶಿರಸಿಯ ಮೆಡಿಕಲ್ ರೆಪ್ ಇದ್ದಾರೆ. ಆಲೆಮನೆಯ ಕಾಲದಲ್ಲಿ ಜೋನಿಬೆಲ್ಲದ, ಅಂದರೆ ದ್ರವರೂಪದ ಬೆಲ್ಲದ, ಡಬ್ಬಿ ತಂದುಕೊಡುತ್ತಾರೆ. ಸ್ವಲ್ಪ ಬಿಸಿ ಮಾಡಿ, ಏಲಕ್ಕಿ ಪುಡಿ ಉದುರಿಸಿ ಸುರಿದರೆ ಮಗಳು ಮೇಪಲ್ ಹೆಸರೇ ಎತ್ತುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಪು ಕೇಳಿದರೆ, ಸುರ್ನಳಿಯೇ ಮೇಲು. ಪ್ಯಾನ್‌ಕೇಕಿನ ರುಚಿ ಅರ್ಧಕ್ಕರ್ಧ ಮೇಲೆ ಸುರಿದದ್ದರಲ್ಲಿದೆ. ಬೆಣ್ಣೆ, ಬೆಲ್ಲ ತೆಗೆದುಬಿಟ್ಟರೆ ಸಪ್ಪೆ. ಸುರ್ನಳಿಗೆ ತನ್ನದೇ ಹುಳಿ ಇದೆ, ಕಾಯಿಯ ಘಮ ಇದೆ, ಬರಿಗೈಯಲ್ಲಿ ತಿಂದರೂ ಸಾಕು. ಪ್ಯಾನ್‌ಕೇಕಿಗೆ ಇರುವ ಒಂದೇ ಅನುಕೂಲ, ಅದನ್ನು ನಿನ್ನೆಯೇ ಯೋಚಿಸಬೇಕಾಗಿಲ್ಲ. ಒಂಬತ್ತಕ್ಕೆ ಎದ್ದ ಮಗಳು ಹಲ್ಲುಜ್ಜಿ ಬರುವುದರೊಳಗೆ ತಟ್ಟೆಯಲ್ಲಿರುತ್ತದೆ.

ಪೇರಿಸಿಟ್ಟದ್ದೇ ಬೇಕು ಅನ್ನುವವರಿಗೆ ಬೆಂಗಳೂರಿನವರ ಸೆಟ್ ದೋಸೆಯೂ ಇದೆ, ಅದರ ಬಗ್ಗೆ ಅಮ್ಮನ ಅಭಿಪ್ರಾಯವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬರುವ ಭಾನುವಾರ ಸುರ್ನಳಿ ಎಂದು ತೀರ್ಮಾನವಾಗಿದೆ. ಅಕ್ಕಿ ಶನಿವಾರ ಮಧ್ಯಾಹ್ನವೇ ನೆನೆಯಬೇಕು, ಅವಲಕ್ಕಿ ರುಬ್ಬುವ ಸ್ವಲ್ಪ ಮೊದಲು. ಮಳೆ ಬಿಟ್ಟಿಲ್ಲ, ಹುಳಿ ಬರುತ್ತದೋ ಇಲ್ಲವೋ ಎಂದು ನಾನು ಅನುಮಾನ ತೋರಿಸಿದೆ. ಅಂಗಡಿಯಿಂದ ಸೋಡಾ ತಂದು ಹಾಕಿದ್ದು ಗೊತ್ತಾದರೆ ತವರಿಗೆ ಫೋನ್ ಹೋಗುತ್ತದೆ ಎಂದು ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ.